ರೊಟ್ಟಿ ಬಿಡಬೇಡಿ, ಜರಡಿ ಬಿಡಿ

ತೂಕ ಇಳಿಸಬೇಕೆಂದು ತೀರ್ಮಾನಿಸಿದ ಮನೆಯಲ್ಲಿ ಮೊದಲ ಪೆಟ್ಟು ಬೀಳುವುದು ರೊಟ್ಟಿಗೆ. ಡಾಕ್ಟರು ‘ಸ್ವಲ್ಪ ತೂಕ ಕಮ್ಮಿ ಮಾಡಿಕೊಳ್ಳಿ’ ಎಂದರೆ ಸಾಕು, ‘ಹಾಗಾದರೆ ರೊಟ್ಟಿ ಬಿಡ್ಲಾ?’ ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ರೊಟ್ಟಿಯ ಜಾಗಕ್ಕೆ ಡಬ್ಬಿಯ ಓಟ್ಸ್ ಬರುತ್ತದೆ, ‘ಡಯಟ್’ ಎಂದು ಮುದ್ರಿಸಿದ ಬಿಸ್ಕತ್ತು ಬರುತ್ತದೆ, ಕಂದು ಬಣ್ಣದ ಬ್ರೆಡ್ಡು ಬರುತ್ತದೆ. ಹಂಚು ಅಟ್ಟ ಸೇರುತ್ತದೆ. ಒಂದೆರಡು ತಿಂಗಳಲ್ಲಿ ಪಥ್ಯ ಬೇಸರವಾಗಿ ಕೈಬಿಟ್ಟುಹೋಗುತ್ತದೆ, ಕಳೆದ ತೂಕ ಮರಳಿ ಬರುತ್ತದೆ.

ಈ ಅಧ್ಯಾಯದ ಮಾತು ನೇರವಾದದ್ದು. ಇಡೀ ಕಾಳನ್ನು ಬೀಸಿ, ಮನೆಯಲ್ಲೇ ಬಡಿದು, ಹಂಚಿನ ಮೇಲೆ ಸುಟ್ಟ ರೊಟ್ಟಿ ತೂಕ ಇಳಿಸುವ ಊಟಕ್ಕೆ ಶತ್ರುವಲ್ಲ, ಅದರ ಬೆನ್ನೆಲುಬಾಗಬಲ್ಲದು. ಅದಕ್ಕೆ ಮೂರು ಷರತ್ತುಗಳಿವೆ. ಹಿಟ್ಟು ಇಡಿಯಾಗಿರಬೇಕು, ರೊಟ್ಟಿಯ ಎಣಿಕೆ ಗೊತ್ತಿರಬೇಕು, ಪಕ್ಕದಲ್ಲಿ ಪಲ್ಯ ಮತ್ತು ಕಾಳು ಧಾರಾಳವಾಗಿರಬೇಕು. ಹೀಗೆ ಹೇಳಲು ಕಾರಣವೇನು ಎಂಬುದನ್ನು ಕಾಳಿನಿಂದ ಹಂಚಿಗೆ, ಹಂಚಿನಿಂದ ಹೊಟ್ಟೆಗೆ ಹಂತಹಂತವಾಗಿ ನೋಡೋಣ.

ರೊಟ್ಟಿಗಳು ಕೂಡುವ ನಾಡು

ದಾವಣಗೆರೆ ಜಿಲ್ಲೆಯ ನಮ್ಮ ನ್ಯಾಮತಿ ಇರುವುದೇ ಊಟಗಳ ಗಡಿಯಲ್ಲಿ. ಕೆಲವೇ ವರ್ಷಗಳ ಹಿಂದೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ಈ ಊರು, 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೂ ಹೊನ್ನಾಳಿಯ ಜೊತೆ ಶಿವಮೊಗ್ಗಕ್ಕೆ ಸೇರಿತ್ತು. ಚನ್ನಗಿರಿಯೂ ಅಲ್ಲಿಂದಲೇ ಬಂತು. ಜಗಳೂರು ಬಂದದ್ದು ಚಿತ್ರದುರ್ಗದಿಂದ. ನಕ್ಷೆಯ ಮೇಲೆ ಒಂದೇ ಜಿಲ್ಲೆಯಾದರೂ ಅಡುಗೆಮನೆಗಳು ಒಂದೇ ಅಲ್ಲ. ಪಶ್ಚಿಮಕ್ಕೆ ಅರೆಮಲೆನಾಡಿನ ಅಕ್ಕಿರೊಟ್ಟಿ, ತುಂಗಭದ್ರೆಯ ಬಯಲಿನಲ್ಲಿ ಅನ್ನ, ಉತ್ತರದಿಂದ ಬಂದ ಜೋಳದ ರೊಟ್ಟಿ, ಪೂರ್ವಕ್ಕೆ ಮಳೆ ಕಡಿಮೆ ಇರುವ ಜಗಳೂರಿನ ಕಡೆ ರಾಗಿ, ಜೋಳ, ನವಣೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜೆಗೊಳ್ಳುವ ಊರು. ತಾಂಡಾಗಳಲ್ಲಿ ಜೋಳದ ರೊಟ್ಟಿಯನ್ನು ‘ಬಾಟಿ’ ಎನ್ನುತ್ತಾರೆ.

ಭದ್ರಾ ನಾಲೆ ಬಂದಲ್ಲಿ ಭತ್ತ ಬಂತು, ಆಮೇಲೆ ಅಡಿಕೆ ಬಂತು. ಮಳೆಯಾಶ್ರಿತ ಕೆಂಪು ಭೂಮಿಯನ್ನು ಮೆಕ್ಕೆಜೋಳ ಆವರಿಸಿತು. ಇಂದು ದಾವಣಗೆರೆ ರಾಜ್ಯದ ಮುಂಚೂಣಿಯ ಮೆಕ್ಕೆಜೋಳ ಜಿಲ್ಲೆಗಳಲ್ಲೊಂದು. ಆದರೆ ಆ ಕಾಳಿನ ಬಹುಪಾಲು ಹೋಗುವುದು ಕೋಳಿ ಆಹಾರಕ್ಕೆ ಮತ್ತು ಪಿಷ್ಟದ ಕಾರ್ಖಾನೆಗಳಿಗೆ. ಬೆಳೆದವರ ತಟ್ಟೆಗೆ ಬರುವುದು ಹೆಚ್ಚಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿ, ಬೇಕರಿಯ ಮೈದಾ. ದುಡಿಮೆಯೂ ಬದಲಾಗಿದೆ. ಎತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದ ಕಾಲು ಈಗ ಟ್ರ್ಯಾಕ್ಟರಿನ ಮೇಲಿದೆ, ಬೈಕಿನ ಮೇಲಿದೆ. ಊಟ ನುಣ್ಣಗಾಯಿತು, ಮೈ ಬೆವರುವುದು ಕಮ್ಮಿಯಾಯಿತು.

ಇದರ ಫಲ ದೇಶದ ಲೆಕ್ಕದಲ್ಲೇ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ‘ಇಂಡಿಯಾಬ್’ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಹೊಟ್ಟೆಯ ಬೊಜ್ಜಿದೆ. ನಮ್ಮ ಮೈಕಟ್ಟಿಗೆ ಹೊಟ್ಟೆಯ ಸುತ್ತಳತೆಯೇ ಒಳ್ಳೆಯ ಅಳತೆಗೋಲು. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕು. ತಕ್ಕಡಿ ಇಲ್ಲದ ಮನೆಯಲ್ಲೂ ದರ್ಜಿಯ ಟೇಪು ಸಿಕ್ಕೀತು.

ಕಾಳಿನೊಳಗೆ ಮೂರು ಮನೆ

ಒಂದು ಗೋಧಿ ಕಾಳನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಮೂರು ಭಾಗ ಕಾಣುತ್ತದೆ. ಹೊರಗೆ ಹಲವು ಪದರಗಳ ಹೊಟ್ಟು. ಒಂದು ತುದಿಯಲ್ಲಿ, ಸಾಸಿವೆಗಿಂತ ಚಿಕ್ಕದಾದ ಮೊಳಕೆಯ ಭಾಗ. ಉಳಿದದ್ದೆಲ್ಲ ಬಿಳಿಯ ತಿರುಳು. ತೂಕದಲ್ಲಿ ಹೊಟ್ಟು ನೂರಕ್ಕೆ 14ರಷ್ಟು, ಮೊಳಕೆ ಎರಡೂವರೆಯಷ್ಟು, ತಿರುಳು 83ರಷ್ಟು. ತಿರುಳೆಂದರೆ ಪಿಷ್ಟ ಮತ್ತು ಒಂದಿಷ್ಟು ಪ್ರೋಟೀನು, ಮರಿ ಗಿಡಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿ. ನಾರು, ಕಬ್ಬಿಣ, ಸತು, ಬಿ ಜೀವಸತ್ವಗಳ ದೊಡ್ಡ ಪಾಲು ಇರುವುದು ಹೊಟ್ಟು ಮತ್ತು ಮೊಳಕೆಯಲ್ಲಿ.

ಮೊಳಕೆಯಲ್ಲಿ ಎಣ್ಣೆಯೂ ಇದೆ. ಕಾಳು ಇಡಿಯಾಗಿರುವಾಗ ಆ ಎಣ್ಣೆ ಭದ್ರ. ಬೀಸಿದ ಕ್ಷಣದಿಂದ ಗಾಳಿ ಮತ್ತು ಕಿಣ್ವಗಳು ಅದರ ಮೇಲೆ ಬೀಳುತ್ತವೆ, ಕೆಲವು ವಾರಗಳಲ್ಲಿ ಹಿಟ್ಟು ಮುಗ್ಗುತ್ತದೆ, ಕಹಿಯಾಗುತ್ತದೆ. ಅದಕ್ಕೇ ನಮ್ಮ ಕಡೆ ಜೋಳವನ್ನು ಚೀಲಗಟ್ಟಲೆ ಇಟ್ಟುಕೊಂಡರೂ ಬೀಸಿಸುವುದು ಐದು ಸೇರು, ಹತ್ತು ಸೇರು ಮಾತ್ರ. ಊರಿಗೊಂದು ಹಿಟ್ಟಿನ ಗಿರಣಿ ಉಳಿದಿರುವುದರ ಹಿಂದೆ ಈ ರಸಾಯನಶಾಸ್ತ್ರವೂ ಇದೆ.

ಹಿಟ್ಟು ಕೆಡಬಾರದು, ದೂರದ ಊರಿಗೆ ಹೋಗಬೇಕು ಎಂದಾಗ ದಾರಿ ಒಂದೇ: ಎಣ್ಣೆಯಿರುವ ಮೊಳಕೆಯನ್ನು ತೆಗೆದುಬಿಡುವುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲೂ ಅಮೆರಿಕದ ಮಿನಿಯಾಪೊಲಿಸ್‌ನಲ್ಲೂ ಉರುಳೆ ಗಿರಣಿಗಳು ಬೆಳೆದದ್ದು ಹೀಗೆ. ಬೀಸುಕಲ್ಲು ಕಾಳನ್ನು ಒಟ್ಟಿಗೇ ಅರೆದರೆ ಉರುಳೆಗಳು ಅದನ್ನು ಬಿಚ್ಚಿ, ಕೆರೆದು, ತಿರುಳನ್ನಷ್ಟೇ ಬೇರ್ಪಡಿಸುತ್ತವೆ. ಅಚ್ಚ ಬಿಳಿಯ ಹಿಟ್ಟು ಅಗ್ಗವಾಯಿತು. ಅಕ್ಕಿಗೂ ಇದೇ ಗತಿಯಾಯಿತು. ಜಾವಾ ದ್ವೀಪದಲ್ಲಿ ಪಾಲಿಶ್ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ನರದೌರ್ಬಲ್ಯ ಬಂದು, ತೌಡು ಸಹಿತ ಅಕ್ಕಿ ಕೊಟ್ಟಾಗ ಅದು ವಾಸಿಯಾದದ್ದನ್ನು 1890ರ ದಶಕದಲ್ಲಿ ಕಂಡವನು ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್. ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಎಸೆದ ತೌಡಿನಲ್ಲಿ ಜೀವ ಉಳಿಸುವ ವಸ್ತುವಿದೆ ಎಂದು ಜಗತ್ತು ಕಲಿತದ್ದು ಇಂಥ ಕೆಲಸದಿಂದ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ವಿಷಯ ಕಣ್ಣಿಗೆ ಕಟ್ಟುತ್ತದೆ. 100 ಗ್ರಾಂ ಮೈದಾದಲ್ಲಿ ನಾರು 2.8 ಗ್ರಾಂ, ಇಡೀ ಗೋಧಿ ಹಿಟ್ಟಿನಲ್ಲಿ 11.4 ಗ್ರಾಂ. ಬಿಳಿ ಅಕ್ಕಿಯಲ್ಲಿ 2.8, ಜೋಳದಲ್ಲಿ 10.2, ರಾಗಿಯಲ್ಲಿ 11.2, ಒಣ ಮೆಕ್ಕೆಜೋಳದಲ್ಲಿ 12.2 ಗ್ರಾಂ. ಅದೇ ಕ್ಯಾಲರಿ ನೋಡಿ: ಮೈದಾ ಸುಮಾರು 350, ಗೋಧಿ ಹಿಟ್ಟು 320, ಜೋಳ 335, ರಾಗಿ 320. ಶಕ್ತಿಯಲ್ಲಿ ಅಂತರ ಹತ್ತರಲ್ಲಿ ಒಂದು ಪಾಲೂ ಇಲ್ಲ, ನಾರಿನಲ್ಲಿ ನಾಲ್ಕು ಪಟ್ಟು. ಇಡೀ ಕಾಳು ಕೆಲಸ ಮಾಡುವುದು ಕಡಿಮೆ ಕ್ಯಾಲರಿಯಿಂದಲ್ಲ, ಹೊಟ್ಟೆಯಲ್ಲಿ ಅದು ನಡೆದುಕೊಳ್ಳುವ ರೀತಿಯಿಂದ. ಈ ಮಾತು ಮರೆತವರು ‘ರಾಗಿಯಲ್ವಾ, ಎಷ್ಟು ತಿಂದರೂ ನಡೆಯುತ್ತೆ’ ಎಂದು ಮೋಸ ಹೋಗುತ್ತಾರೆ.

ರಾಗಿಗೆ ಇನ್ನೊಂದು ವಿಶೇಷವಿದೆ. ಅದರ ಸಿಪ್ಪೆ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ತಿರುಳು ಮೆತ್ತಗಿರುತ್ತದೆ. ಅಕ್ಕಿಯಂತೆ ಪಾಲಿಶ್ ಮಾಡಹೋದರೆ ಪುಡಿಪುಡಿಯಾಗುತ್ತದೆ. ಹಬೆಯಲ್ಲಿ ಗಟ್ಟಿಗೊಳಿಸಿ ಸಿಪ್ಪೆ ತೆಗೆಯುವ ವಿಧಾನವನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಕಂಡುಹಿಡಿಯುವವರೆಗೂ ರಾಗಿ ತಿನ್ನುವವರು ಇಡಿಯಾಗಿ ಬೀಸಿಯೇ ತಿನ್ನಬೇಕಿತ್ತು. ಗಿರಣಿ ಕಸಿಯಲಾಗದ್ದನ್ನು ಮನೆಯ ಜರಡಿ ಕಸಿಯುತ್ತದೆ. ನುಣುಪಿನ ಆಸೆಗೆ ಸಣ್ಣ ಕಣ್ಣಿನ ಜರಡಿಯಲ್ಲಿ, ಕೆಲವೊಮ್ಮೆ ಬಟ್ಟೆಯಲ್ಲೂ ಶೋಧಿಸಿ, ಮೇಲೆ ಉಳಿದದ್ದನ್ನು ದನದ ಕಲಗಚ್ಚಿಗೆ ಸುರಿಯುತ್ತೇವೆ. ದುಡ್ಡು ಕೊಟ್ಟು ತಂದ ನಾರು ಕೊಟ್ಟಿಗೆ ಸೇರುತ್ತದೆ. ಕಲ್ಲು, ಕಡ್ಡಿ, ಮಣ್ಣನ್ನು ಬೀಸುವ ಮುಂಚೆಯೇ ಮೊರದಲ್ಲಿ ಕೇರಿ ತೆಗೆಯಿರಿ. ಬೀಸಿದ ಮೇಲೆ ಹಿಟ್ಟನ್ನು ಹಾಗೆಯೇ ಬಳಸಿ.

ಹಂಚಿನ ಮೇಲೆ ಏನು ನಡೆಯುತ್ತದೆ

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಗ್ಲುಟೆನ್ ಎಂಬ ಪ್ರೋಟೀನು ಬಲೆ ಹೆಣೆಯುತ್ತದೆ. ಚಪಾತಿ ಲಟ್ಟಿಸಿದಾಗ ಹರಿಯದಿರುವುದು ಆ ಬಲೆಯ ಬಲದಿಂದ. ಜೋಳಕ್ಕೆ ಗ್ಲುಟೆನ್ ಇಲ್ಲ, ತಣ್ಣೀರಿನಲ್ಲಿ ಕಲಸಿದರೆ ಅಂಚು ಸೀಳುತ್ತದೆ. ನಮ್ಮ ಹೆಂಗಸರು ಇದಕ್ಕೆ ಕಂಡುಕೊಂಡ ಉಪಾಯ ಎಸರು. ಕುದಿಯುವ ನೀರನ್ನು ಹಿಟ್ಟಿನ ಗುಂಡಿಗೆ ಸುರಿದಾಗ, ಸುಮಾರು 70 ಡಿಗ್ರಿ ದಾಟಿದ ಕಡೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಎಲ್ಲ ಹಿಟ್ಟೂ ಹೀಗಾಗಬಾರದು. ಒಂದು ಪಾಲು ಅಂಟಾಗಿ ಉಳಿದ ಪಾಲನ್ನು ಹಿಡಿದುಕೊಳ್ಳಬೇಕು. ಎಸರು ಹೆಚ್ಚಾದರೆ ಹಿಟ್ಟು ಕೈಗೆ ಮೆತ್ತುತ್ತದೆ, ಕಮ್ಮಿಯಾದರೆ ಬಡಿಯುವಾಗ ಬಿರಿಯುತ್ತದೆ. ಆ ಹದವನ್ನು ಅಂಗೈಯ ಬುಡ ಗುರುತಿಸುತ್ತದೆ.

ಬಡಿದ ರೊಟ್ಟಿಯನ್ನು ಹಿಟ್ಟು ಉದುರಿಸಿದ ಮೈ ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರುತ್ತಾರಲ್ಲ, ಅದು ಬರೀ ಒಣಹಿಟ್ಟು ಒರೆಸುವುದಕ್ಕಲ್ಲ. ಆ ತೇವಕ್ಕೆ ಮೇಲ್ಮೈಯ ಪಿಷ್ಟ ಬೆಂದು ತೆಳುವಾದ ಪೊರೆಯಾಗುತ್ತದೆ. ಮಗುಚಿದಾಗ ಎರಡೂ ಮೈ ಮುಚ್ಚಿಕೊಂಡು ಒಳಗಿನ ನೀರು ಸಿಕ್ಕಿಬೀಳುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರದಾರಿ ಇಲ್ಲದ ಆವಿ ರೊಟ್ಟಿಯನ್ನು ಎರಡು ಪದರವಾಗಿ ಬಿಡಿಸಿ ಉಬ್ಬಿಸುತ್ತದೆ. ಒಳಗೆ ತೇವ ಇರುವವರೆಗೂ ಶಾಖ 100 ಡಿಗ್ರಿ ಮೀರದು, ಹೊರಮೈ ಒಣಗಿ 140 ಡಿಗ್ರಿ ದಾಟಿದ ಕಡೆ ಕಂದು ಚುಕ್ಕೆ ಮೂಡುತ್ತದೆ. ಸುಟ್ಟ ರೊಟ್ಟಿಯ ಆ ಘಮ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಬಿಸಿಯಲ್ಲಿ ಬೆರೆತು ಹುಟ್ಟಿಸಿದ್ದು.

ಈ ಇಡೀ ವಿದ್ಯೆಯಲ್ಲಿ ಒಂದು ಹನಿ ಎಣ್ಣೆ ಇಲ್ಲ, ಒಂದು ಚಿಟಿಕೆ ಸಕ್ಕರೆ ಇಲ್ಲ ಎಂಬುದನ್ನು ಗಮನಿಸಿ. ಬಿಸ್ಕತ್ತು ಗರಿಗರಿಯಾಗಲು ಕೊಬ್ಬು ಬೇಕು, ಕೇಕು ಮೆತ್ತಗಾಗಲು ಸಕ್ಕರೆಯೂ ಬೆಣ್ಣೆಯೂ ಬೇಕು. ಸಾಮಾನ್ಯ ಬಿಸ್ಕತ್ತಿನಲ್ಲಿ 100 ಗ್ರಾಮಿಗೆ 450ರಿಂದ 500 ಕ್ಯಾಲರಿ ಇರುವುದು ಇದರಿಂದಲೇ. ಪೊಟ್ಟಣದ ಮೇಲೆ ರಾಗಿ ತೆನೆಯ ಚಿತ್ರ ಬರೆದ ಮಾತ್ರಕ್ಕೆ ಈ ಲೆಕ್ಕ ಬದಲಾಗದು.

ಕಟಕ್ ರೊಟ್ಟಿಯ ಬಗ್ಗೆ ಒಂದು ಮಾತು. ಒಣಗಿಸಿದ ರೊಟ್ಟಿ ಕೈಗೆ ಹಗುರ, ಹಾಗೆಂದು ಊಟದಲ್ಲೂ ಹಗುರ ಎಂದು ಎಣಿಸಬಾರದು. ಹೋಗಿರುವುದು ನೀರು ಮಾತ್ರ. ಒಂದು ಮೆತ್ತನೆ ರೊಟ್ಟಿಯ ಹಿಟ್ಟು ಪೂರಾ ಅದರಲ್ಲಿದೆ. ಅದಕ್ಕೊಂದು ಗುಣವೂ ಉಂಟು. ಬೆಂದ ಪಿಷ್ಟ ತಣಿದಾಗ ಅದರ ಒಂದು ಸಣ್ಣ ಪಾಲು ಮತ್ತೆ ಒತ್ತಾಗಿ ಜೋಡಿಕೊಂಡು, ಕಿಣ್ವಗಳಿಗೆ ಸುಲಭವಾಗಿ ಬಗ್ಗದ ಪಿಷ್ಟವಾಗುತ್ತದೆ, ನಾರಿನಂತೆ ದೊಡ್ಡ ಕರುಳಿಗೆ ಇಳಿಯುತ್ತದೆ. ಲಾಭ ಚಿಕ್ಕದು, ಆದರೂ ಲಾಭವೇ. ಅದಕ್ಕಿಂತ ದೊಡ್ಡ ಲಾಭ ಕಟಕ್ ರೊಟ್ಟಿಯನ್ನು ಅಗಿದೇ ತಿನ್ನಬೇಕು ಎಂಬುದು.

ಹೊಟ್ಟೆಗೆ ಇಳಿದ ಮೇಲೆ

ತೂಕ ಇಳಿಸುವುದೆಂದರೆ ಖರ್ಚಿಗಿಂತ ಕಡಿಮೆ ಶಕ್ತಿ ಒಳಗೆ ಹೋಗಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಕಷ್ಟ ಇರುವುದು ಹಸಿವಿನಲ್ಲಿ. ಹಸಿವನ್ನು ಬೈದು ಗೆದ್ದವರಿಲ್ಲ, ಅದನ್ನು ಸಮಾಧಾನಪಡಿಸುವ ಊಟವೇ ಬೇಕು. ಇಡೀ ಕಾಳಿನ ರೊಟ್ಟಿ ಈ ಕೆಲಸವನ್ನು ನಾಲ್ಕು ಕಡೆ ಮಾಡುತ್ತದೆ.

ಮೊದಲನೆಯದು ಬಾಯಲ್ಲಿ. ರೊಟ್ಟಿ ಮುರಿಯಬೇಕು, ಪಲ್ಯ ಹಿಡಿಯಬೇಕು, ಅಗಿಯಬೇಕು. ‘ಸಾಕು’ ಎಂಬ ಸಂದೇಶ ಮಿದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಎಷ್ಟು ತುತ್ತು ಇಳಿದಿದೆ ಎಂಬುದೇ ಮುಖ್ಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಇಪ್ಪತ್ತು ಜನರನ್ನು ಸಂಸ್ಥೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸರಳ ಅಡುಗೆ ಕೊಟ್ಟರು. ಬಡಿಸಿದ ಎರಡೂ ಊಟಗಳಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಸಮನಾಗಿದ್ದವು, ತಿನ್ನುವುದು ಅವರವರ ಇಷ್ಟ. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚಿಗೆ ತಿಂದರು, ಬೇಗಬೇಗ ತಿಂದರು, ಎರಡು ವಾರದಲ್ಲಿ ಸುಮಾರು ಒಂದು ಕಿಲೋ ತೂಕ ಏರಿಸಿಕೊಂಡರು. ಸರಳ ಅಡುಗೆಯಲ್ಲಿ ಅಷ್ಟೇ ಇಳಿಸಿಕೊಂಡರು. ಮನೆಯಲ್ಲಿ ಮಾಡಿ ತಿನ್ನುವುದಕ್ಕೆ ಇದಕ್ಕಿಂತ ಗಟ್ಟಿ ಶಿಫಾರಸು ಬೇಕಿಲ್ಲ.

ಎರಡನೆಯದು ಸಣ್ಣ ಕರುಳಿನಲ್ಲಿ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಕೆನೆತ್ ಹೀಟನ್ ಮತ್ತು ಸಂಗಡಿಗರು 1988ರಲ್ಲಿ ಗೋಧಿ, ಮೆಕ್ಕೆಜೋಳಗಳನ್ನು ಇಡಿ ಕಾಳು, ನುಚ್ಚು, ತರಿ ಹಿಟ್ಟು, ನುಣ್ಣನೆ ಹಿಟ್ಟು ಹೀಗೆ ನಾಲ್ಕು ರೂಪದಲ್ಲಿ ತಿನ್ನಿಸಿ ನೋಡಿದರು. ಕಣ ನುಣುಪಾದಂತೆ ರಕ್ತದಲ್ಲಿ ಇನ್ಸುಲಿನ್ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಧಾನ್ಯ ಒಂದೇ ಆದರೂ ಬೀಸುವ ಹದ ಬೇರೆಯಾದರೆ ದೇಹದ ಪ್ರತಿಕ್ರಿಯೆಯೂ ಬೇರೆ. ಗಿರಣಿಯವರಿಗೆ ‘ಸ್ವಲ್ಪ ತರಿ ಇರಲಿ’ ಎಂದು ಹೇಳುವುದು ಇದಕ್ಕೇ. ಮೆಕ್ಕೆಜೋಳದ ನುಚ್ಚು, ಗೋಧಿ ನುಚ್ಚಿನ ಉಪ್ಪಿಟ್ಟು ನುಣ್ಣನೆಯ ಹಿಟ್ಟಿನ ತಿನಿಸಿಗಿಂತ ಮೇಲಾಗುವುದೂ ಇದಕ್ಕೇ.

ಮೂರನೆಯದು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಲಾಗದ ನಾರನ್ನು ಅಲ್ಲಿಯ ಕೋಟ್ಯಂತರ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆಯ ಕೆಲವು ಕೋಶಗಳು ಅವಕ್ಕೆ ಓಗೊಟ್ಟು ಜಿಎಲ್‌ಪಿ–1 ಎಂಬ ಹಾರ್ಮೋನನ್ನು ಹೊರಬಿಡುತ್ತವೆ. ಹಸಿವನ್ನು ತಗ್ಗಿಸುವ ಈ ಹಾರ್ಮೋನನ್ನೇ ಅನುಕರಿಸಿ ಈಗಿನ ದುಬಾರಿ ತೂಕ ಇಳಿಕೆ ಚುಚ್ಚುಮದ್ದುಗಳು ತಯಾರಾಗಿವೆ. ರೊಟ್ಟಿ ಹುಟ್ಟಿಸುವ ಜಿಎಲ್‌ಪಿ–1 ಆ ಮದ್ದಿನ ಮುಂದೆ ತೀರಾ ಅಲ್ಪ, ನಿಮಿಷಗಳಲ್ಲಿ ಕರಗಿಹೋಗುವಂಥದ್ದು. ಆದರೆ ಊಟ ಊಟಕ್ಕೂ, ವರ್ಷಾನುಗಟ್ಟಲೆ, ಖರ್ಚಿಲ್ಲದೆ ಬರುವಂಥದ್ದು.

ನಾಲ್ಕನೆಯದು ಲೆಕ್ಕದ ಪುಸ್ತಕದಲ್ಲಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ 81 ಜನರ ಮೇಲೆ ನಡೆಸಿದ ಪ್ರಯೋಗದ ವರದಿ ಕೊಟ್ಟಿತು. ಆರು ವಾರ ಅರ್ಧ ಜನರಿಗೆ ಇಡೀ ಧಾನ್ಯ, ಅರ್ಧ ಜನರಿಗೆ ನುಣ್ಣಗೆ ಸಂಸ್ಕರಿಸಿದ ಧಾನ್ಯ, ಉಳಿದ ಊಟ ಒಂದೇ. ಇಡೀ ಧಾನ್ಯ ತಿಂದವರಲ್ಲಿ ಮಲದ ಮೂಲಕ ಹೊರಹೋದ ಶಕ್ತಿ ಮತ್ತು ಸುಮ್ಮನೆ ಕೂತಾಗ ದೇಹ ಸುಡುವ ಶಕ್ತಿ ಸೇರಿ ದಿನಕ್ಕೆ 92 ಕ್ಯಾಲರಿ ಹೆಚ್ಚು ಖರ್ಚಾಗಿತ್ತು. ಹೆಚ್ಚುಕಮ್ಮಿ ಅರ್ಧ ಜೋಳದ ರೊಟ್ಟಿಯಷ್ಟು.

ತಟ್ಟೆಯ ಲೆಕ್ಕ

ಸೌಟಿನಲ್ಲಿ ಬಡಿಸುವ ಅನ್ನಕ್ಕೆ ಎಣಿಕೆ ಇಲ್ಲ, ರೊಟ್ಟಿಗೆ ಇದೆ. ತೂಕ ಇಳಿಸುವವರಿಗೆ ಇದು ದೊಡ್ಡ ಅನುಕೂಲ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಎಂದರೆ ಸುಮಾರು 165 ಕ್ಯಾಲರಿ, 5 ಗ್ರಾಂ ನಾರು. ಎರಡು ರೊಟ್ಟಿ ತಿಂದರೆ 10 ಗ್ರಾಂ ನಾರು ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ದಿನದ ಕನಿಷ್ಠ ಅಳತೆಯೇ 25 ಗ್ರಾಂ. ನಿಮ್ಮ ಮನೆಯ ಉಂಡೆ ಎಷ್ಟು ದೊಡ್ಡದು ಎಂದು ಒಂದು ಸಲ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿ. ಆಮೇಲೆ ಕಣ್ಣಳತೆಯೇ ಸಾಕು.

ಒಂದು ಮಧ್ಯಾಹ್ನದ ಊಟವನ್ನು ಎರಡು ಬಗೆಯಲ್ಲಿ ನೋಡೋಣ. ನಾಲ್ಕು ರೊಟ್ಟಿ 670 ಕ್ಯಾಲರಿ. ಬದನೆಕಾಯಿ ಎಣ್ಣೆಗಾಯಿಯಲ್ಲಿ ನಿಮ್ಮ ಪಾಲಿಗೆ ಬರುವ ಮೂರು ಚಮಚ ಎಣ್ಣೆ 135. ಶೇಂಗಾ ಚಟ್ನಿಪುಡಿ 20 ಗ್ರಾಂ, 100. ಬದನೆಕಾಯಿಯದ್ದು 25. ಒಟ್ಟು 930. ಇನ್ನೊಂದು ತಟ್ಟೆ: ಎರಡು ರೊಟ್ಟಿ 335. ಸೊಪ್ಪು, ಹೀರೇಕಾಯಿ, ಕ್ಯಾರೆಟ್ಟು ಹೀಗೆ 200 ಗ್ರಾಂ ತರಕಾರಿ 60. ಪಲ್ಯಕ್ಕೆ ಒಂದು ಚಮಚ ಎಣ್ಣೆ 45. ಮೊಳಕೆ ಕಟ್ಟಿದ ಹುರುಳಿಯೋ ಹೆಸರೋ ಅಲಸಂದೆಯೋ, ಒಣಗಿದ್ದಾಗ 40 ಗ್ರಾಂ ತೂಗಿದ್ದು, 130. ಒಂದು ಲೋಟ ನೀರುಮಜ್ಜಿಗೆ 35. ಒಟ್ಟು 605. ಎರಡನೆಯ ತಟ್ಟೆಯಲ್ಲಿ ಊಟದ ಗಾತ್ರ ಕಮ್ಮಿಯಿಲ್ಲ, ಪ್ರೋಟೀನು ಚೆನ್ನಾಗಿದೆ, ಉಳಿತಾಯ 325 ಕ್ಯಾಲರಿ. ದಿನಾ ಹೀಗೆ ಉಂಡರೆ ಆರಂಭದಲ್ಲಿ ವಾರಕ್ಕೆ ಸುಮಾರು 300 ಗ್ರಾಂ ತೂಕ ಇಳಿಯಬಹುದು, ದೇಹ ಹೊಂದಿಕೊಂಡಂತೆ ಆ ವೇಗ ತಗ್ಗುತ್ತದೆ. ನಿಧಾನವಾದರೂ ಚಿಂತೆಯಿಲ್ಲ.

ಎರಡು ತಟ್ಟೆಗಳ ವ್ಯತ್ಯಾಸ ನೋಡಿದರೆ ರೊಟ್ಟಿಯೊಂದನ್ನೇ ದೂರುವಂತಿಲ್ಲ. ಎಣ್ಣೆಯ ಚಮಚ, ಪುಡಿಯ ಚಮಚ ಯಾರ ಕಣ್ಣಿಗೂ ಬೀಳದೆ ಲೆಕ್ಕ ಏರಿಸುತ್ತವೆ. ಚಟ್ನಿಪುಡಿ ಬಿಡಬೇಕಿಲ್ಲ, ಕೈಯಲ್ಲಿ ಉದುರಿಸುವ ಬದಲು ಚಮಚದಲ್ಲಿ ಅಳೆದರಾಯಿತು. ದಾವಣಗೆರೆಗೆ ಹೋದಾಗ ಬೆಣ್ಣೆದೋಸೆಯನ್ನೂ ತಿನ್ನಿ, ಆ ರಾತ್ರಿ ಒಂದು ರೊಟ್ಟಿ, ಸೊಪ್ಪಿನ ಸಾರು ಸಾಕು. ನಾಲಿಗೆಗೆ ಶಿಕ್ಷೆ ಕೊಡುವ ಪಥ್ಯ ಬಾಳುವುದಿಲ್ಲ.

ಕಾಳು ಮತ್ತು ಸೊಪ್ಪಿಲ್ಲದೆ ರೊಟ್ಟಿಯೊಂದೇ ಸಾಕೆಂದು ಮಾತ್ರ ಹೊರಡಬೇಡಿ. 1960ರ ಸುಮಾರಿಗೆ ಹೈದರಾಬಾದಿನಲ್ಲಿ ಪೌಷ್ಟಿಕಾಂಶ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಹೋದ್ಯೋಗಿಗಳು, ಬರೀ ಜೋಳದ ಮೇಲೆ ಬದುಕುತ್ತಿದ್ದ ದಖ್ಖನಿನ ಬಡವರಲ್ಲಿ ಚರ್ಮ ಸುಲಿಯುವ ಪೆಲಾಗ್ರಾ ರೋಗವನ್ನು ವಿವರಿಸಿದ್ದರು. ತಪ್ಪು ಜೋಳವೊಂದರದ್ದೇ ಅಲ್ಲ, ಅದರ ಜೊತೆ ಬೇರೇನೂ ಇಲ್ಲದ್ದೂ ಹೌದು. ಪ್ರೋಟೀನಿನ ಮಾತಿಗೆ ಬಂದರೆ, ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳುಗಳಲ್ಲಿ ಯಥೇಚ್ಛವಾಗಿದೆ. ರೊಟ್ಟಿ ಮತ್ತು ಕಾಳುಪಲ್ಯ ಒಂದನ್ನೊಂದು ಪೂರೈಸುತ್ತವೆ. ಧಾನ್ಯವನ್ನೂ ವಾರದಲ್ಲಿ ಬದಲಿಸುತ್ತಿರಿ. 100 ಗ್ರಾಮಿಗೆ 364 ಮಿಲಿಗ್ರಾಂ ಸುಣ್ಣದಂಶ ಇರುವ ರಾಗಿ ಎರಡು ದಿನ, ಜೋಳ ಮೂರು ದಿನ, ಮೆಕ್ಕೆಜೋಳ ಅಥವಾ ನವಣೆ ಒಂದು ದಿನ, ಗೋಧಿ ಒಂದು ದಿನ ಎಂದಿಟ್ಟುಕೊಂಡರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಮನೆಯಲ್ಲೇ ಬ್ರೆಡ್ಡು

ಮಕ್ಕಳು ಬ್ರೆಡ್ಡೇ ಬೇಕೆಂದರೆ ಅದನ್ನೂ ಮನೆಯಲ್ಲಿ ಮಾಡಬಹುದು. ಅಂಗಡಿಯ ಕಂದು ಬ್ರೆಡ್ಡು ಕೊಳ್ಳುವ ಮುಂಚೆ ಪೊಟ್ಟಣದ ಹಿಂದೆ ಓದಿ. ನಿಯಮದ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಮೊದಲ ಹೆಸರೇ ಸಂಸ್ಕರಿಸಿದ ಗೋಧಿ ಹಿಟ್ಟು, ಅಂದರೆ ಮೈದಾ ಆಗಿದ್ದರೆ, ಕಂದು ಬಣ್ಣ ಸುಟ್ಟ ಸಕ್ಕರೆಯದ್ದೂ ಇರಬಹುದು.

ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟು 300 ಗ್ರಾಂ, ಉಗುರುಬೆಚ್ಚಗಿನ ನೀರು 230 ಮಿಲಿಲೀಟರ್, ಒಣ ಯೀಸ್ಟ್ 3 ಗ್ರಾಂ, ಉಪ್ಪು 5 ಗ್ರಾಂ, ಎಣ್ಣೆ ಒಂದು ಚಮಚ. ಕಲ್ಲಿನ ಗಿರಣಿಯಲ್ಲಿ ಪಿಷ್ಟದ ಕಣಗಳು ಜಜ್ಜಿ ಹೋಗಿರುವುದರಿಂದ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಹೊಟ್ಟೂ ಕುಡಿಯುತ್ತದೆ. ಹಾಗಾಗಿ ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ತುಸು ಅಂಟುವಂತಿರಲಿ. ಮೊದಲು ಹಿಟ್ಟು ಮತ್ತು ನೀರನ್ನಷ್ಟೇ ಕಲಸಿ ಅರ್ಧ ಗಂಟೆ ಬಿಡಿ. ಹೊಟ್ಟಿನ ಚೂಪು ಅಂಚುಗಳು ಗ್ಲುಟೆನ್ ಬಲೆಯನ್ನು ಹರಿಯುತ್ತವೆ, ನೆನೆದು ಮೆತ್ತಗಾದರೆ ಆ ಕಾಟ ಕಡಿಮೆ. ಆಮೇಲೆ ಉಳಿದದ್ದನ್ನು ಸೇರಿಸಿ ಹತ್ತು ನಿಮಿಷ ನಾದಿ, ಮುಚ್ಚಿಟ್ಟು ಒಂದೂವರೆ ಪಟ್ಟು ಉಬ್ಬಿದ ಮೇಲೆ ಎಣ್ಣೆ ಸವರಿದ ತಗಡಿನ ಅಚ್ಚಿಗೆ ಹಾಕಿ ಮತ್ತೆ ಉಬ್ಬಲು ಬಿಡಿ. 200 ಡಿಗ್ರಿಯ ಓವನ್‌ನಲ್ಲಿ 35ರಿಂದ 40 ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೇ ಕೊಯ್ಯಿರಿ. ಹನ್ನೆರಡು ತುಂಡು ಮಾಡಿದರೆ ಒಂದಕ್ಕೆ ಸುಮಾರು 85 ಕ್ಯಾಲರಿ, ಹತ್ತಿರ ಹತ್ತಿರ 3 ಗ್ರಾಂ ನಾರು. ಹಿಟ್ಟಿನ ಕಾಲು ಪಾಲು ರಾಗಿಯನ್ನೋ ಜೋಳವನ್ನೋ ಬೆರೆಸಬಹುದು. ಅದಕ್ಕಿಂತ ಹೆಚ್ಚಾದರೆ ಬ್ರೆಡ್ಡು ಮೇಲೇಳುವುದಿಲ್ಲ. ನಿಧಾನವಾಗಿ ಹುದುಗಿಸಿದರೆ ಇನ್ನೊಂದು ಉಪಕಾರವಿದೆ: ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುವ ಹೊಟ್ಟಿನ ಫೈಟಿಕ್ ಆಮ್ಲ ಒಡೆದು ಅವು ದೇಹಕ್ಕೆ ಚೆನ್ನಾಗಿ ದಕ್ಕುತ್ತವೆ.

ಕೆಲವು ಎಚ್ಚರಿಕೆಗಳು

ಇಷ್ಟು ದಿನ ಅನ್ನ, ಮೈದಾ ತಿಂದವರು ಒಮ್ಮೆಗೇ ನಾರು ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೆ ಗೋಧಿ ಸಲ್ಲದು, ಜೋಳ, ರಾಗಿ, ಮೆಕ್ಕೆಜೋಳ ಆದೀತು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬದಲಿಸುವ ಮುಂಚೆ ವೈದ್ಯರ ಬಳಿ ಮಾತಾಡಲೇಬೇಕು, ಇಲ್ಲವಾದರೆ ರಕ್ತದ ಸಕ್ಕರೆ ಕುಸಿಯುವ ಅಪಾಯವಿದೆ. ಮೂತ್ರಪಿಂಡದ ತೊಂದರೆ ಇರುವವರಿಗೂ ಇದೇ ಮಾತು. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ತೂಕ ಇಳಿಸುವ ಲೆಕ್ಕ ಸಲ್ಲದು, ಅವರಿಗೆ ಇಡೀ ಧಾನ್ಯ ಬೇಕು, ಹೊಟ್ಟೆ ತುಂಬ ಬೇಕು.

ಊಟದ ಜೊತೆ ನಡಿಗೆಯೂ ಬೇಕು. ಅಮೆರಿಕದಲ್ಲಿ ನಡೆದು 2002ರಲ್ಲಿ ವರದಿಯಾದ ಸಕ್ಕರೆ ಕಾಯಿಲೆ ತಡೆ ಪ್ರಯೋಗದಲ್ಲಿ ಜನರಿಗೆ ಕೊಟ್ಟ ಗುರಿ ಎರಡೇ: ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷದ ವ್ಯಾಯಾಮ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಲ್ಲಿ ಕಾಯಿಲೆಗೆ ಬೀಳುವ ಪ್ರಮಾಣ ನೂರಕ್ಕೆ 58ರಷ್ಟು ತಗ್ಗಿತು. 70 ಕಿಲೋ ತೂಗುವವರಿಗೆ ಶೇಕಡ 7 ಎಂದರೆ ಐದು ಕಿಲೋ ಒಳಗೇ. ನಾಲ್ಕೈದು ತಿಂಗಳ ತಾಳ್ಮೆಯ ಕೆಲಸ.

ಇನ್ನೊಂದು ಮಾತು ಮನೆಯ ಗಂಡಸರಿಗೆ. ರೊಟ್ಟಿ ಬಡಿಯುವುದು ಕಷ್ಟದ ಕೆಲಸ. ಬೆಂಕಿಯ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಮಾಡಿ ಕೊನೆಗೆ ಉಣ್ಣುವ ಹೆಣ್ಣಿನ ಮೇಲೆ ಇಡೀ ಮನೆಯ ಆರೋಗ್ಯದ ಭಾರ ಹಾಕಿ ‘ಮನೆ ಅಡುಗೆ ಒಳ್ಳೆಯದು’ ಎಂದರೆ ಅದು ನ್ಯಾಯವಲ್ಲ. ಹಿಟ್ಟು ನಾದಲು ಗಂಡಸರ ಅಂಗೈಗೂ ಬಲವಿದೆ, ಹಂಚಿನ ಮುಂದೆ ಮಗನೂ ನಿಲ್ಲಬಹುದು. ಬಡಿಯಲು ಬಾರದವರು ಪ್ಲಾಸ್ಟಿಕ್ ಹಾಳೆಯ ಮೇಲೆ ತಟ್ಟಿ ಕಲಿಯಲಿ, ಲಟ್ಟಣಿಗೆಯಲ್ಲೂ ಆದೀತು. ಆಕಾರ ಸೊಟ್ಟಗಾದರೆ ನಾರೇನೂ ಕಡಿಮೆಯಾಗುವುದಿಲ್ಲ.

ಮುಂದಿನ ಸಲ ಗಿರಣಿಗೆ ಹೋದಾಗ ಮೂರು ಕೆಲಸ ಮಾಡಿ. ಹದಿನೈದು ದಿನಕ್ಕೆ ಆಗುವಷ್ಟನ್ನೇ ಬೀಸಿಸಿ, ತುಸು ತರಿಯಾಗಿರಲಿ ಎಂದು ಹೇಳಿ, ಮನೆಗೆ ಬಂದ ಮೇಲೆ ಜರಡಿ ಹಿಡಿಯಬೇಡಿ. ಎರಡು ರೊಟ್ಟಿ, ಅದರ ಎರಡರಷ್ಟು ಪಲ್ಯ, ಒಂದು ಹಿಡಿ ಕಾಳು, ಒಂದು ಲೋಟ ಮಜ್ಜಿಗೆ ಇಟ್ಟುಕೊಂಡು ಅಗಿದು ಅಗಿದು ಉಣ್ಣಿ. ತಿಂಗಳಿಗೊಮ್ಮೆ ಹೊಟ್ಟೆಗೆ ಟೇಪು ಹಿಡಿದು ನೋಡಿ. ತೂಕ ಇಳಿಸಲು ನಮ್ಮ ಊಟವನ್ನು ಬಿಟ್ಟುಕೊಡಬೇಕಿಲ್ಲ, ಅದನ್ನು ಇಡಿಯಾಗಿ ಉಂಡರೆ ಸಾಕು.